ಗಾಜಿನ ಮೇಲಿನ ಜೀವಿಗೆ ಹೆಸರಿಡುವ ಮೊದಲು

ಉಪ್ಪುನೀರಿನ ಹವಳದ ತೊಟ್ಟಿಯನ್ನು ಹೊಸದಾಗಿ ಕಟ್ಟಿದವರಿಗೆ ಕೆಲವೇ ವಾರಗಳಲ್ಲಿ ಒಂದು ಕಳವಳ ಶುರುವಾಗುತ್ತದೆ. ದೀಪ ಆರಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಮೇಲೆ ಬಿಳಿ ಚುಕ್ಕೆಗಳು ತಡೆತಡೆದು ಓಡುತ್ತಿರುತ್ತವೆ. ಕಲ್ಲಿನ ಸಂದಿಯಿಂದ ರೋಮದ ಹುಳುವೊಂದು ಅರ್ಧ ಹೊರಬಂದು, ಬೆಳಕು ತಾಗಿದೊಡನೆ ಒಳಸರಿಯುತ್ತದೆ. ಪಂಪಿನ ಮೈಮೇಲೆ ಸಾಸಿವೆಗಾತ್ರದ ಬಿಳಿ ಸುರುಳಿಗಳು ಅಂಟಿಕೊಂಡಿರುತ್ತವೆ. ಇವು ಯಾವುವೂ ದುಡ್ಡು ಕೊಟ್ಟು ತಂದ ಜೀವಿಗಳಲ್ಲ. ಕಲ್ಲು, ಮರಳು, ಹವಳದ ತುಂಡುಗಳ ಜೊತೆ ತಾವಾಗಿಯೇ ಬಂದವು. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಫೋಟೊ ತೆಗೆದು, ಗೊತ್ತಿದ್ದವರಿಗೆ ಕಳಿಸಿ, 'ಇದು ಯಾವುದು?' ಎಂದು ಕೇಳುವುದು. ಉತ್ತರವಾಗಿ ಒಂದು ಹೆಸರು ಬರುತ್ತದೆ. ಹೆಸರಿನ ಬೆನ್ನಿಗೇ ತೀರ್ಪೂ ಬರುತ್ತದೆ: ಒಳ್ಳೆಯದು, ಇರಲಿ, ಅಥವಾ ಕೆಟ್ಟದ್ದು, ತೆಗೆದುಹಾಕಿ. ಮೊದಲು ಹೆಸರು, ಹೆಸರಿನಿಂದ ಗುಣ, ಗುಣದಿಂದ ಕ್ರಮ ಎಂಬ ಈ ಸರಪಳಿಯನ್ನು ಹವ್ಯಾಸಿಗಳು ಪ್ರಶ್ನಿಸುವುದು ಅಪರೂಪ. ಈ ಸರಪಳಿಯ ಮೊದಲ ಎರಡು ಕೊಂಡಿಗಳೂ ಸಡಿಲ ಎಂಬುದು ನನ್ನ ವಾದ.

ಆದರೆ ಈ ನಂಬಿಕೆಯ ಹಿಂದೆ ಇರುವ ಬಲವಾದ ಕಾರಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಹೆಸರು ಎಂದರೆ ನೂರಾರು ಜನರ ಅನುಭವಕ್ಕೆ ಬೀಗದ ಕೈ. ಕಂದುಬಣ್ಣದ, ಕಡ್ಡಿಯಂಥ ಕಾಂಡದ ಸಣ್ಣ ಅನಿಮೋನಿಯನ್ನು ಐಪ್ಟೇಸಿಯಾ ಎಂದು ಗುರುತಿಸಿದವರಿಗೆ ಅದನ್ನು ಕತ್ತರಿಸಬಾರದೆಂದು ತಕ್ಷಣ ತಿಳಿಯುತ್ತದೆ. ಬುಡದ ಚೂರೊಂದು ಕಲ್ಲಿಗೆ ಅಂಟಿ ಉಳಿದರೂ ಅದರಿಂದ ಇನ್ನೊಂದು ಬೆಳೆಯಬಲ್ಲದು. ರಾತ್ರಿ ಕಲ್ಲಿನೊಳಗಿಂದ ಟಕ್ ಟಕ್ ಸದ್ದು ಬಂದರೆ ಅದು ಮ್ಯಾಂಟಿಸ್ ಸೀಗಡಿ ಇರಬಹುದೆಂದು ಬಲ್ಲವರು ಬರಿಗೈಯನ್ನು ಸಂದಿಗೆ ಹಾಕುವುದಿಲ್ಲ. ಸಿರೊಲಾನಿಡ್ ಗುಂಪಿನ ಐಸೊಪಾಡ್ ಮೀನಿನ ಮೈಗೆ ಕಚ್ಚಿಕೊಂಡರೆ ಕಾಯುತ್ತಾ ಕೂರುವ ವೇಳೆ ಅದಲ್ಲ. ಗುರುತಿಸಲಾಗದವರು ಒಂದೋ ಭಯಪಟ್ಟು ಎಲ್ಲವನ್ನೂ ಕೊಲ್ಲುತ್ತಾರೆ, ಇಲ್ಲವೇ ಉದಾಸೀನದಿಂದ ಎಲ್ಲವನ್ನೂ ಬಿಡುತ್ತಾರೆ. ಹೆಸರು ಈ ಎರಡು ಅತಿರೇಕಗಳಿಂದಲೂ ಕಾಪಾಡುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದ್ದರಿಂದ ಹೆಸರು ಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಒಂದು ಫೋಟೊದಿಂದ ನಮಗೆ ಸಿಗುವ ಹೆಸರು ಎಂಥದ್ದು, ಅದರಿಂದ ಯಾವ ತೀರ್ಮಾನವನ್ನು ನ್ಯಾಯವಾಗಿ ತೆಗೆಯಬಹುದು ಎಂಬುದು ಪ್ರಶ್ನೆ.

ಮೊದಲ ಕೊಂಡಿಯನ್ನು ನೋಡೋಣ. ಗಾಜಿನ ಮೇಲೆ ಓಡುವ ಚುಕ್ಕೆಗೆ 'ಕೋಪೆಪಾಡ್' ಎಂಬ ಉತ್ತರ ಬರುತ್ತದೆ. ಅದು ಒಂದು ಜೀವಿಯ ಹೆಸರಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಒಳಗೊಂಡ ದೊಡ್ಡ ಗುಂಪಿನ ಹೆಸರು. ಅದರೊಳಗೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬೇಕಾದರೆ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಅದರ ಕಾಲುಗಳನ್ನು ಬಿಡಿಸಿ, ಕೊನೆಯ ಜೋಡಿ ಕಾಲಿನ ಆಕಾರವನ್ನೂ ಅದರ ಮೇಲಿನ ಮುಳ್ಳುಗಳನ್ನೂ ನೋಡುತ್ತಾರೆ. ಮೊಬೈಲಿನ ಕ್ಯಾಮೆರಾದಲ್ಲಿ ಇದು ಆಗದ ಮಾತು. ರೋಮದ ಹುಳುವಿನ ಪಾಡೂ ಅದೇ. ತೊಟ್ಟಿಗಳಲ್ಲಿ ಸಾಮಾನ್ಯವೆನ್ನಲಾಗುವ ಯೂರಿಥೊಯಿ ಕಾಂಪ್ಲನಾಟಾ ಎಂಬ ಹುಳು ಜಗತ್ತಿನ ಬೆಚ್ಚಗಿನ ಕಡಲುಗಳಲ್ಲೆಲ್ಲ ಇರುವ ಒಂದೇ ಪ್ರಭೇದವೆಂದು ಬಹುಕಾಲ ನಂಬಲಾಗಿತ್ತು. 2010ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಆ ಒಂದೇ ಹೆಸರಿನಡಿ ಕನಿಷ್ಠ ಮೂರು ಪ್ರಭೇದಗಳಿವೆ ಎಂದು ತೋರಿಸಿತು. ಹೊರನೋಟಕ್ಕೆ ಪರಿಣತರನ್ನೂ ಇಷ್ಟು ಕಾಲ ದಾರಿ ತಪ್ಪಿಸಿದ ಹುಳುವಿಗೆ ಮಸುಕಾದ ಚಿತ್ರ ನೋಡಿ ಕೊಟ್ಟ ಹೆಸರಿಗೆ ಎಷ್ಟು ಬೆಲೆ ಕಟ್ಟಬಹುದು?

ಇದು ಬಿಡಿ ಉದಾಹರಣೆಯಲ್ಲ. ಹವಳದ ದಿಬ್ಬಗಳ ಸಂದುಗೊಂದುಗಳಲ್ಲಿ ಬದುಕುವ ಜೀವಿಗಳ ವೈವಿಧ್ಯ ನಮ್ಮ ಪಟ್ಟಿಗಳಿಗೆ ಇನ್ನೂ ಸಿಕ್ಕಿಲ್ಲ. 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಹಿಂದೂ ಮಹಾಸಾಗರ, ಪೆಸಿಫಿಕ್ ಮತ್ತು ಕೆರಿಬಿಯನ್‌ನ ಹಲವು ಕಡೆಗಳಿಂದ ಸತ್ತ ಹವಳದ ತುಂಡುಗಳನ್ನೂ ಅದೇ ಬಗೆಯ ಕೃತಕ ಆಸರೆಗಳನ್ನೂ ಮೇಲೆತ್ತಿ, ಅವುಗಳಲ್ಲಿದ್ದ ಏಡಿ, ಸೀಗಡಿ ಜಾತಿಯ ಜೀವಿಗಳನ್ನು ಡಿಎನ್‌ಎ ಮೂಲಕ ಎಣಿಸಿದರು. ಎಲ್ಲ ಸೇರಿ 6.3 ಚದರ ಮೀಟರಿನಷ್ಟು ಜಾಗದಲ್ಲಿ ಸಿಕ್ಕಿದ್ದು 525 ಪ್ರಭೇದಗಳು. ಒಂದು ಕೋಣೆಯ ಮೂಲೆಯಷ್ಟು ಜಾಗ ಅದು. ಅಂಥ ಕಡಲಿನ ಕಲ್ಲೊಂದು ಮನೆಯ ತೊಟ್ಟಿಗೆ ಬಂದಾಗ ಅದರ ಜೊತೆ ಬರುವ ಜೀವಿಗಳಲ್ಲಿ ಕೆಲವಕ್ಕೆ ಇನ್ನೂ ಯಾರೂ ಹೆಸರನ್ನೇ ಇಟ್ಟಿರದ ಸಾಧ್ಯತೆ ನಿಜವಾದದ್ದು. ಅಂದಮೇಲೆ ಹವ್ಯಾಸಿಗಳು ಬಳಸುವ ಹೆಸರುಗಳು ಬಹುಮಟ್ಟಿಗೆ ಆಕಾರಗಳ ಹೆಸರು. 'ಆಸ್ಟರೀನಾ' ಎಂದರೆ ಉಗುರಿನಷ್ಟಿರುವ, ತೋಳುಗಳು ಒಂದೇ ಅಳತೆಯಲ್ಲಿಲ್ಲದ ನಕ್ಷತ್ರಮೀನು. 'ಚಪ್ಪಟೆ ಹುಳು' ಎಂದರೆ ಚಪ್ಪಟೆಯಾಗಿರುವ ಏನೋ ಒಂದು. ಆಕಾರದ ಹೆಸರೂ ಉಪಯುಕ್ತವೇ. ಅದನ್ನು ಪ್ರಭೇದದ ಹೆಸರೆಂದು ತಿಳಿದು, ಒಂದು ಪ್ರಭೇದದ ಬಗ್ಗೆ ಗೊತ್ತಿರುವುದನ್ನೆಲ್ಲ ಇನ್ನೊಂದರ ತಲೆಗೆ ಕಟ್ಟುವುದರಲ್ಲಿ ತಪ್ಪಿದೆ.

ಎರಡನೆಯ ಕೊಂಡಿ, ಅಂದರೆ ಹೆಸರಿನಿಂದ ಗುಣವನ್ನು ಊಹಿಸುವುದು, ಇನ್ನೂ ಸಡಿಲ. ಅದೇ ಕೋಪೆಪಾಡ್‌ಗೆ ಹಿಂದಿರುಗೋಣ. ಅದು ಮ್ಯಾಂಡರಿನ್ ಮೀನಿನ ಮುಖ್ಯ ಆಹಾರ, ಪಾಚಿಯ ಪದರವನ್ನು ಮೇಯುವ ಜೀವಿ, ಆದ್ದರಿಂದ 'ಒಳ್ಳೆಯದು' ಎಂದು ಪಟ್ಟಿಯಲ್ಲಿರುತ್ತದೆ. ಆದರೆ ಆಕ್ರೊಪೋರಾ ಹವಳದ ಮೈಮೇಲೆ ಬದುಕುವ, ಅರ್ಧ ಮಿಲಿಮೀಟರಿನ, ಹಳದಿ ಮೈಯಲ್ಲಿ ಕೆಂಪು ಚುಕ್ಕೆ ಹೊತ್ತ 'ಕೆಂಪು ತಿಗಣೆ'ಯೂ ಕೋಪೆಪಾಡೇ. ಅದು ಹೆಚ್ಚಿದರೆ ಹವಳ ಬಣ್ಣ ಕಳೆದುಕೊಂಡು ಸೊರಗುತ್ತದೆ. ಅದನ್ನು ಕೊಲ್ಲಲು ಹವ್ಯಾಸಿಗಳು ಬಳಸುವುದು ನಾಯಿಗಳ ಹೃದಯದ ಹುಳುವಿಗೆ ಕೊಡುವ ಔಷಧವನ್ನು. ತೊಟ್ಟಿಗೇ ಸುರಿದರೆ ಆ ಔಷಧ ಪರಾವಲಂಬಿ ಕೋಪೆಪಾಡ್, ಮೀನಿನ ಊಟವಾಗುವ ಕೋಪೆಪಾಡ್ ಎಂದು ಬೇರೆಬೇರೆಯಾಗಿ ನೋಡದೆ ಸೀಗಡಿ, ಏಡಿಗಳನ್ನೂ ಸೇರಿಸಿ ಒರೆಸಿಹಾಕುತ್ತದೆ. ಒಂದು ಹೆಸರಿನಡಿ ಎರಡು ವಿರುದ್ಧ ನಡತೆಗಳಿವೆ ಎಂದಾದರೆ, ತೀರ್ಪು ಹೆಸರಿನಲ್ಲಿಲ್ಲ. ಜೀವಿ ಎಲ್ಲಿ ಕೂತಿದೆ, ಏನು ತಿನ್ನುತ್ತಿದೆ ಎಂಬುದರಲ್ಲಿದೆ.

ಇಲ್ಲಿ ತರ್ಕದ ಒಂದು ಹಳೆಯ ದೋಷವೂ ಸೇರಿಕೊಳ್ಳುತ್ತದೆ. ಹವಳವೊಂದು ಸಾಯುತ್ತಿರುವಾಗ ರಾತ್ರಿ ಟಾರ್ಚ್ ಬಿಟ್ಟರೆ ಅದರ ಮೇಲೆ ರೋಮದ ಹುಳುಗಳು ಮುತ್ತಿರುವುದು ಕಾಣುತ್ತದೆ. ಹುಳು ತಿಂದದ್ದರಿಂದ ಹವಳ ಸತ್ತಿತು ಎಂದು ನೋಡಿದವರು ತೀರ್ಮಾನಿಸುತ್ತಾರೆ. ಸತ್ತ ದನದ ಮೇಲೆ ಕೂತ ಹದ್ದನ್ನು ಕೊಂದ ಪ್ರಾಣಿಯೆಂದು ಹಿಡಿದಂತಾಯಿತು. ಈ ಹುಳುಗಳಲ್ಲಿ ಬಹುಪಾಲು ಕೊಳೆತದ್ದನ್ನು ತಿನ್ನುವಂಥವು. ಸಾಯುತ್ತಿರುವ ಮಾಂಸದ ವಾಸನೆಗೆ ಬರುವುದೇ ಅವುಗಳ ಕಸುಬು. ಅವುಗಳನ್ನು ಹೆಕ್ಕಿ ಎಸೆದರೆ ನೀರಿನಲ್ಲಿ ಅಮೋನಿಯಾ ಹೆಚ್ಚುತ್ತದೆಯೇ ಹೊರತು ಹವಳ ಉಳಿಯುವುದಿಲ್ಲ, ನಿಜವಾದ ಕಾರಣವೂ ತಿಳಿಯದೆ ಹೋಗುತ್ತದೆ. ಇದಕ್ಕೆ ಅಪವಾದವಿದೆ: ಹರ್ಮೊಡೈಸ್ ಎಂಬ ಬೆಂಕಿಹುಳು ಆರೋಗ್ಯವಾಗಿರುವ ಹವಳವನ್ನೇ ತಿನ್ನುತ್ತದೆ. ಆದರೆ ಈ ಅಪವಾದವನ್ನು ಸಾಬೀತು ಮಾಡುವುದು ಯಾವುದು ನೋಡಿ: ಗಟ್ಟಿಮುಟ್ಟಾದ ಹವಳದ ತುದಿಯನ್ನು ಹುಳು ಬಾಯಿಗೆ ತೆಗೆದುಕೊಂಡು, ಅದು ಸರಿದ ಮೇಲೆ ಅಲ್ಲಿ ಬಿಳಿ ಅಸ್ಥಿ ಉಳಿಯುವುದು. ಅದನ್ನು ಕಣ್ಣಾರೆ ಕಂಡವರಿಗೆ ಆ ಹುಳುವಿನ ಹೆಸರು ತಿಳಿಯದಿದ್ದರೂ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಕಾಣದವರಿಗೆ ಹೆಸರು ತಿಳಿದರೂ ಗೊತ್ತಾಗುವುದಿಲ್ಲ.

ಪಂಪಿನ ಮೇಲಿನ ಬಿಳಿ ಸುರುಳಿಗಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ನಿಚ್ಚಳವಾಗುತ್ತದೆ. ಸುಣ್ಣದ ಸಣ್ಣ ಕೊಳವೆ ಕಟ್ಟುವ ಜೀವಿಗಳು ಎರಡು ಬಗೆ. ಸ್ಪೈರೊರ್ಬಿಡ್ ಎಂಬುದು ಹುಳು. ವರ್ಮೆಟಿಡ್ ಎಂಬುದು ಬಸವನಹುಳುವಿನ ಬಳಗ. ಒಣಗಿದ ಕೊಳವೆಯನ್ನಷ್ಟೇ ಮುಂದಿಟ್ಟರೆ ಗುರುತಿಸಲು ಹಳಬರೂ ತಡಕಾಡುತ್ತಾರೆ. ಆದರೆ ತೊಟ್ಟಿಗೆ ಚಿಟಿಕೆ ಆಹಾರ ಹಾಕಿ ಹತ್ತು ನಿಮಿಷ ನೋಡುತ್ತಾ ಕೂತರೆ ಗೊಂದಲ ಉಳಿಯುವುದಿಲ್ಲ. ಹುಳು ಗರಿಯಂಥ ಪುಟ್ಟ ಕಿರೀಟವನ್ನು ಹೊರಚಾಚುತ್ತದೆ. ವರ್ಮೆಟಿಡ್ ಲೋಳೆಯ ಎಳೆಗಳನ್ನು ಬಲೆಯಂತೆ ಹರಡಿ, ಸಿಕ್ಕಿದ್ದರ ಸಮೇತ ಒಳಗೆಳೆದುಕೊಳ್ಳುತ್ತದೆ. ಕಾಟ ಕೊಡುವುದು ಆ ಬಲೆ. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದ ಬಳಿ ದೊಡ್ಡ ಜಾತಿಯ ವರ್ಮೆಟಿಡ್ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರ ಸಹವಾಸದಲ್ಲಿದ್ದ ಹವಳಗಳ ಅಸ್ಥಿಯ ಬೆಳವಣಿಗೆ ಶೇ. 81ರವರೆಗೂ ಕುಂದಿತ್ತು. ಆಗ ಡೆಂಡ್ರೊಪೋಮಾ ಎಂಬ ಕುಲದಲ್ಲಿದ್ದ ಆ ಜೀವಿಯನ್ನು ವರ್ಗೀಕರಣಕಾರರು ಮುಂದೆ ಸೆರೇಸಿಗ್ನಮ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಹೆಸರು ಬದಲಾಯಿತು, ಹವಳದ ಮೇಲೆ ಬಲೆ ಬೀಳುವುದು ಬದಲಾಗಲಿಲ್ಲ.

ಈಗ ಹೊಸ ತೊಟ್ಟಿ ಎಂಬ ಮಾತಿಗೆ ಬರಬೇಕು, ಏಕೆಂದರೆ ಗೊಂದಲದ ಬೇರು ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. 'ಇದು ಯಾವುದು?' ಎಂಬ ಪ್ರಶ್ನೆಯೊಳಗೆ ಅನೇಕ ಸಲ 'ಇಷ್ಟೊಂದು ಯಾಕೆ?' ಎಂಬ ಇನ್ನೊಂದು ಪ್ರಶ್ನೆ ಅಡಗಿರುತ್ತದೆ, ಮತ್ತು ಹೆಸರು ಅದಕ್ಕೆ ಉತ್ತರವಾಗುವುದಿಲ್ಲ. ಹೊಸ ತೊಟ್ಟಿ ಎಂದರೆ ಹೆಚ್ಚುಕಡಿಮೆ ಖಾಲಿ ಜಾಗ. ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಕಲ್ಲಿನ ಮೇಲೆ ಬದುಕಿದ್ದ ಸ್ಪಂಜು ಮೊದಲಾದವು ಒಂದಷ್ಟು ಸತ್ತು ಆಹಾರವಾಗಿರುತ್ತವೆ. ಗಾಜಿನ ಮೇಲೆ ಡಯಾಟಮ್‌ನ ಕಂದು ಪದರ ಬೆಳೆದಿರುತ್ತದೆ. ತಿನ್ನುವ ಮೀನುಗಳು ಇನ್ನೂ ಬಂದಿಲ್ಲ, ಬಂದಿದ್ದರೂ ಒಂದೋ ಎರಡೋ. ಆಹಾರ ಹೇರಳ, ಶತ್ರು ಇಲ್ಲ, ಪೈಪೋಟಿ ಇಲ್ಲ. ಬೇಗ ಮರಿಮಾಡಬಲ್ಲ ಯಾವ ಸಣ್ಣ ಜೀವಿಯಾದರೂ ಆಗ ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ಆಹಾರ ತೀರಿದಾಗ ಇಳಿಯುತ್ತದೆ. ಕೋಪೆಪಾಡ್, ಆಂಫಿಪಾಡ್, ಸುರುಳಿಹುಳು ಎಲ್ಲವೂ ಹೀಗೆ ಏರಿ ಇಳಿಯುತ್ತವೆ. ಈ ಏರಿಳಿತದ ಮಧ್ಯದ ಒಂದು ದಿನ ತೆಗೆದ ಫೋಟೊದಲ್ಲಿ ಜೀವಿ ಇರುತ್ತದೆ, ಏರಿಳಿತ ಇರುವುದಿಲ್ಲ. ನೋಡಿ ಉತ್ತರಿಸುವವರು ಜೀವಿಯನ್ನು ದೂರುತ್ತಾರೆ. ಕಾರಣ ಅತಿಯಾಗಿ ಹಾಕಿದ ಮೀನಿನ ಆಹಾರವೋ ತೊಟ್ಟಿಯ ವಯಸ್ಸೋ ಆಗಿರುತ್ತದೆ.

ಹೆಸರಿನ ಬಗೆಗಿನ ಅತಿವಿಶ್ವಾಸ ಹವ್ಯಾಸಿಗಳ ದೌರ್ಬಲ್ಯವಷ್ಟೇ ಅಲ್ಲ ಎಂಬುದಕ್ಕೆ ಪ್ರಾಣಿಶಾಸ್ತ್ರದ ಚರಿತ್ರೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ, ಅದೂ ಕಡಲನೀರಿನ ತೊಟ್ಟಿಯದೇ. 1883ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಫ್ರಾಂಜ್ ಐಲ್‌ಹಾರ್ಡ್ ಶುಲ್ಟ್ಸೆ ಎಂಬ ಪ್ರಾಣಿಶಾಸ್ತ್ರಜ್ಞ ಉಪ್ಪುನೀರಿನ ತೊಟ್ಟಿಯ ಗಾಜಿನ ಮೇಲೆ ತೆವಳುತ್ತಿದ್ದ, ಕೆಲವೇ ಮಿಲಿಮೀಟರ್ ಅಗಲದ ತಟ್ಟೆಯಂಥ ಜೀವಿಯನ್ನು ಕಂಡ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಮುಂದುಹಿಂದು ಎಂಬುದಿಲ್ಲ; ಕೆಳಮೈಯಿಂದಲೇ ಆಹಾರವನ್ನು ಕರಗಿಸಿ ಹೀರಿಕೊಳ್ಳುತ್ತದೆ. ಗೊತ್ತಿದ್ದ ಯಾವ ಗುಂಪಿಗೂ ಅದು ಸೇರದು ಎಂದು ಕಂಡ ಶುಲ್ಟ್ಸೆ ಅದನ್ನು ಟ್ರೈಕೊಪ್ಲ್ಯಾಕ್ಸ್ ಎಂದು ಕರೆದು ವಿವರಿಸಿದ. 1907ರಲ್ಲಿ ಥೀಲೊ ಕ್ರುಂಬಾಖ್ ಎಂಬ ಇನ್ನೊಬ್ಬ ವಿಜ್ಞಾನಿ, ಇದು ಎಲ್ಯುಥೇರಿಯಾ ಎಂಬ ಪುಟ್ಟ ಲೋಳೆಮೀನಿನ ಮರಿಯಷ್ಟೇ ಎಂದು ವಾದಿಸಿದ. ಆ ಗುರುತು ತಪ್ಪಾಗಿತ್ತು. ಆದರೆ ಅದು ಪರಿಚಿತ ಹೆಸರು. ಪಠ್ಯಪುಸ್ತಕಗಳು ಅದನ್ನೇ ಒಪ್ಪಿಕೊಂಡವು, ಮತ್ತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಜೀವಿಯನ್ನು ಗಂಭೀರವಾಗಿ ನೋಡಿದವರು ತೀರ ಕಡಿಮೆ. 1960ರ ದಶಕದ ಕೊನೆಗೆ ಜರ್ಮನಿಯ ಕಾರ್ಲ್ ಗ್ರೆಲ್ ಅದನ್ನು ಮತ್ತೆ ಹಿಡಿದು ನೋಡಿದಾಗ ಅದು ಯಾರ ಮರಿಯೂ ಅಲ್ಲ, ತಾನೇ ಒಂದು ಪೂರ್ಣ ಪ್ರಾಣಿ ಎಂಬುದು ಖಚಿತವಾಯಿತು. 1971ರಲ್ಲಿ ಆತ ಅದಕ್ಕೆ ಪ್ರಾಣಿಲೋಕದಲ್ಲಿ ಪ್ಲಾಕೊಜೋವಾ ಎಂಬ ಪ್ರತ್ಯೇಕ ವಂಶವನ್ನೇ ಸ್ಥಾಪಿಸಿದ. 2008ರಲ್ಲಿ ಅದರ ಪೂರ್ಣ ಜೀನೋಮ್ ಪ್ರಕಟವಾಯಿತು. ಇದೇ ಬಗೆಯ ಜೀವಿಗಳು ಇಂದಿಗೂ ಮನೆಗಳ ಹವಳದ ತೊಟ್ಟಿಗಳ ಗಾಜಿನ ಮೇಲೆ ತೆವಳುತ್ತವೆ. ತಿಳಿಯದು ಎಂದು ಬಿಟ್ಟಿದ್ದರೆ ಯಾರಾದರೂ ನೋಡುತ್ತಿದ್ದರು. ತಿಳಿದಿದೆ ಎಂದದ್ದರಿಂದ ನೋಡಲಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು: ಹೆಸರೇ ಚಿಕಿತ್ಸೆಯನ್ನು ನಿರ್ಧರಿಸುವ ಪ್ರಸಂಗಗಳಿವೆಯಲ್ಲ? ಖಂಡಿತ ಇವೆ. ಹೊಸ ತೊಟ್ಟಿಗಳನ್ನು ಕಾಡುವ ಡೈನೊಫ್ಲಾಜೆಲೇಟ್‌ಗಳೆಂಬ ಏಕಕೋಶ ಜೀವಿಗಳನ್ನೇ ತೆಗೆದುಕೊಳ್ಳಿ. ಕಂದು ಲೋಳೆಯಂತೆ ಎಲ್ಲವನ್ನೂ ಮುಚ್ಚುವ ಇವುಗಳಲ್ಲಿ ಆಸ್ಟ್ರಿಯಾಪ್ಸಿಸ್ ಎಂಬ ಕುಲದವು ರಾತ್ರಿ ಮೇಲ್ಮೈ ಬಿಟ್ಟು ನೀರಿಗೆ ತೇಲಿ ಬರುತ್ತವೆ, ಆದ್ದರಿಂದ ನೀರನ್ನು ಅತಿನೇರಳೆ ದೀಪದ ಮುಂದೆ ಹಾಯಿಸಿದರೆ ಕಡಿಮೆಯಾಗುತ್ತವೆ. ಆಂಫಿಡಿನಿಯಮ್ ಕುಲದವು ಮರಳು ಬಿಟ್ಟು ಏಳುವುದು ಅಪರೂಪ, ಆ ದೀಪದಿಂದ ಅವಕ್ಕೆ ಹೆಚ್ಚೇನೂ ಆಗದು. ಇಲ್ಲಿ ಗುರುತಿಸದೆ ಮುಂದುವರಿಯುವುದು ಹಣ, ಕಾಲ ಎರಡರ ನಷ್ಟ. ಐಪ್ಟೇಸಿಯಾವನ್ನು ತಿನ್ನಲೆಂದು ತರುವ ಪೆಪ್ಪರ್‌ಮಿಂಟ್ ಸೀಗಡಿಯ ಬದಲು ಅದೇ ರೀತಿ ಕಾಣುವ ಒಂಟೆ ಸೀಗಡಿ ಬಂದರೆ ಅದು ಹವಳದ ಪಾಲಿಪ್‌ಗಳನ್ನೇ ಕೀಳುತ್ತದೆ. ಅಲ್ಲಿಯೂ ಹೆಸರು ನಿರ್ಣಾಯಕ. ಈ ಪ್ರಸಂಗಗಳನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಇವುಗಳಲ್ಲಿ ನಾವು ಮೊದಲು ಎರಡು ದಾರಿಗಳನ್ನು ಗುರುತಿಸಿಕೊಂಡು, ಆ ದಾರಿಗಳನ್ನು ಬೇರ್ಪಡಿಸುವಷ್ಟು ಗುರುತನ್ನು ಮಾತ್ರ ಕೇಳುತ್ತಿದ್ದೇವೆ. ಡೈನೊಫ್ಲಾಜೆಲೇಟ್‌ಗೆ ಕುಲ ತಿಳಿದರೆ ಸಾಕು. ಅದನ್ನೂ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಅದರ ಚಲನೆಯಿಂದಲೇ ಹೇಳಬಹುದು: ಒಂದು ಬಿಂದುವಿಗೆ ಕಟ್ಟಿದಂತೆ ತೂಗಾಡುತ್ತಿದ್ದರೆ ಆಸ್ಟ್ರಿಯಾಪ್ಸಿಸ್ ಇರಬೇಕು, ನಯವಾಗಿ ಜಾರಿಹೋಗುತ್ತಿದ್ದರೆ ಆಂಫಿಡಿನಿಯಮ್. ತೀರ್ಮಾನ ಗುರುತಿನ ಆಳವನ್ನು ನಿಗದಿ ಮಾಡಿತು. ಜೊತೆಗೆ, ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದಾಗ ಇವು ತಲೆಯೆತ್ತುತ್ತವೆ ಎಂಬ ಅನುಭವವನ್ನು ಮರೆತು ಬರೀ ಹೆಸರಿನ ಬೆನ್ನು ಹತ್ತಿದವರು ಕೊಂದಷ್ಟೂ ಅವು ಮರಳಿ ಬರುವುದನ್ನು ಕಾಣುತ್ತಾರೆ.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದ್ದು. ನೋಡುತ್ತಾ ಕೂತರೆ ಅಷ್ಟರಲ್ಲಿ ಅನಾಹುತವಾಗುವುದಿಲ್ಲವೇ? ಒಂದು ಐಪ್ಟೇಸಿಯಾ ಇದ್ದಾಗ ತೆಗೆಯುವುದು ಸುಲಭ, ನೂರಾದ ಮೇಲೆ ಕಷ್ಟ. ಇದು ಸರಿಯಾದ ಮಾತು. ಆದರೆ ಇದರಿಂದ ಹೊರಡುವ ತೀರ್ಮಾನ ಆಕ್ಷೇಪಿಸುವವರ ಪರವಾಗಿಲ್ಲ. ಅಪಾಯ ದೊಡ್ಡದು, ಬೇಗ ಬರುವಂಥದು, ಮರಳಿ ಸರಿಪಡಿಸಲಾಗದ್ದು ಎಂದಿದ್ದಲ್ಲಿ ಹೆಸರಿಗಾಗಿ ಕಾಯುವುದೇ ತಪ್ಪು. ಪಾಲಿಥೋವಾ ಎಂಬ ಹವಳಸಂಬಂಧಿಯನ್ನು ನೋಡಿ. ಹವಾಯಿಯಲ್ಲಿ ಅದರಿಂದ ಪ್ರತ್ಯೇಕಿಸಿ 1971ರಲ್ಲಿ ವರದಿ ಮಾಡಿದ ಪಾಲಿಟಾಕ್ಸಿನ್ ಅತ್ಯಂತ ತೀವ್ರವಾದ ನೈಸರ್ಗಿಕ ವಿಷಗಳಲ್ಲೊಂದು. ಕಲ್ಲನ್ನು ಕುದಿಸಿಯೋ ಉಜ್ಜಿಯೋ ಅದನ್ನು ತೆಗೆಯಹೋದ ಹವ್ಯಾಸಿಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ವಿಷವಿರುವುದನ್ನೂ ಇಲ್ಲದ್ದನ್ನೂ ಕಣ್ಣಿನಿಂದ ಬೇರ್ಪಡಿಸಲು ನಂಬಲರ್ಹ ದಾರಿಯಿಲ್ಲ. ಆದ್ದರಿಂದ ಅಂಥ ಪಾಲಿಪ್‌ಗಳೆಲ್ಲವನ್ನೂ ವಿಷದ್ದೆಂದೇ ಭಾವಿಸಿ ಕೈಗವಸು, ಕನ್ನಡಕ ಹಾಕಿಕೊಳ್ಳುವುದು, ಕಲ್ಲನ್ನು ಎಂದೂ ಕುದಿಸದಿರುವುದು ಸರಿಯಾದ ಕ್ರಮ. ಹೆಸರು ತಿಳಿದಿಲ್ಲ ಎಂಬುದೇ ಇಲ್ಲಿ ಎಚ್ಚರಕ್ಕೆ ಕಾರಣ.

ಹಾಗಾದರೆ ಹೊಸ ತೊಟ್ಟಿಯಲ್ಲಿ ಅಪರಿಚಿತ ಜೀವಿ ಕಂಡಾಗ ಕೇಳಬೇಕಾದ್ದನ್ನು ಹೀಗೊಂದು ಕ್ರಮದಲ್ಲಿ ಇಡಬಹುದು.

1. ಇದು ನನ್ನ ಮೈಗೆ, ಮೀನಿಗೆ, ಆರೋಗ್ಯವಾಗಿರುವ ಹವಳಕ್ಕೆ ಈಗಲೇ ಹಾನಿ ಮಾಡುತ್ತಿದೆಯೇ, ಅಥವಾ ನಾಳೆ ತೆಗೆಯಲಾಗದಷ್ಟು ಹರಡುವ ಆಕಾರದ್ದೇ? ಹೌದಾದರೆ ಆ ಒಂದು ಜೀವಿಯನ್ನು, ಅಥವಾ ಅದಿರುವ ಕಲ್ಲನ್ನು, ಹೊರಗೆ ಬೇರೆ ಪಾತ್ರೆಗೆ ತೆಗೆದಿಡಬೇಕು. ಇಡೀ ತೊಟ್ಟಿಗೆ ಔಷಧ ಸುರಿಯುವುದು ಇದಕ್ಕೆ ಬದಲಿಯಲ್ಲ. ಪಾಚಿಯನ್ನು ಮೈಯೊಳಗೆ ಸಾಕಿಕೊಂಡ ಕೆಂಗಂದು 'ಚಪ್ಪಟೆ ಹುಳು'ಗಳಂಥವು ಒಂದೇ ಸಲಕ್ಕೆ ಸಾವಿರಗಟ್ಟಲೆ ಸತ್ತರೆ ಅವುಗಳ ಮೈಯಿಂದ ಹೊರಬೀಳುವ ವಿಷಕ್ಕೇ ಮೀನುಗಳು ಬಲಿಯಾಗಬಹುದು.

2. ಎಲ್ಲಿದೆ, ಯಾವಾಗ ಹೊರಬರುತ್ತದೆ, ಬಾಯಲ್ಲಿ ಏನಿದೆ?

3. ಕಳೆದ ವಾರಕ್ಕಿಂತ ಹೆಚ್ಚಿದೆಯೇ, ಕಡಿಮೆಯಾಗಿದೆಯೇ? ಹೆಚ್ಚಿದ್ದರೆ ಅದಕ್ಕೆ ಆಹಾರ ಎಲ್ಲಿಂದ ಬರುತ್ತಿದೆ?

4. ಇವುಗಳ ಉತ್ತರ ಬಂದ ಮೇಲೂ ಎರಡು ಕ್ರಮಗಳ ನಡುವೆ ಅನುಮಾನ ಉಳಿದರೆ, ಆ ಅನುಮಾನ ಹರಿಯುವಷ್ಟು ಹೆಸರು.

ಹೆಸರನ್ನು ಕೊನೆಗಿಟ್ಟದ್ದು ಅದರ ಮೇಲಿನ ಅಗೌರವದಿಂದಲ್ಲ. ಜಾಗ, ಹೊತ್ತು, ಆಹಾರ, ಸಂಖ್ಯೆ ಇಷ್ಟನ್ನು ಬರೆದುಕೊಂಡು ಕೇಳಿದವರಿಗೆ ತಜ್ಞರು ಕೊಡುವ ಹೆಸರು ಬರೀ ಫೋಟೊಗೆ ಕೊಡುವ ಹೆಸರಿಗಿಂತ ಎಷ್ಟೋ ನಂಬಲರ್ಹ. ಪ್ರಾಣಿಶಾಸ್ತ್ರಕ್ಕೆ ಹವ್ಯಾಸಿಗಳಿಂದ ಸಿಗಬಹುದಾದ ಕಾಣಿಕೆಯೂ ಈ ಟಿಪ್ಪಣಿಯೇ. ಹೆಸರಿಲ್ಲದ ಜೀವಿಯ ನಡತೆಯನ್ನು ತಿಂಗಳುಗಟ್ಟಲೆ ದಿನವೂ ನೋಡುವ ಅವಕಾಶ ಕಡಲಿಗಿಳಿಯುವ ವಿಜ್ಞಾನಿಗೆ ಸಿಗುವುದು ಕಡಿಮೆ.

ಒಂದು ಕಡೆ ಮಾತ್ರ ಹೆಸರಿನ ಪ್ರಶ್ನೆಯನ್ನು ಪೂರ್ತಿ ಪಕ್ಕಕ್ಕಿಡಬೇಕು: ತೊಟ್ಟಿಯಿಂದ ತೆಗೆದದ್ದನ್ನು ಎಲ್ಲಿ ಚೆಲ್ಲುತ್ತೇವೆ ಎಂಬಲ್ಲಿ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕಾಲೆರ್ಪಾ ಟ್ಯಾಕ್ಸಿಫೋಲಿಯಾ ಎಂಬ ಕಡಲಪಾಚಿಯ ಸಣ್ಣದೊಂದು ತೇಪೆ ಕಂಡಿತು. ಅದರ ಹೆಸರು ಎಲ್ಲರಿಗೂ ಗೊತ್ತಿತ್ತು. ಬೆಚ್ಚಗಿನ ಕಡಲಿನ ನಿರುಪದ್ರವಿ ಪಾಚಿ, ಮೆಡಿಟರೇನಿಯನ್‌ನ ಚಳಿಗಾಲವನ್ನು ಅದು ದಾಟಲಾರದು ಎಂದೇ ಹೆಸರಿನಿಂದ ಊಹಿಸುವಂತಿತ್ತು. ಆದರೆ ತೊಟ್ಟಿಗಳಲ್ಲಿ ಬೆಳೆದ ಆ ತಳಿ ಚಳಿ ತಾಳುವಂಥದಾಗಿತ್ತು. ಅದು ಹಲವು ದೇಶಗಳ ಕರಾವಳಿಗೆ ಹರಡಿ ಅಲ್ಲಿಯ ಕಡಲಹುಲ್ಲನ್ನು ಮುಚ್ಚಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರೊಂದರಲ್ಲಿ ಅದೇ ತಳಿ ಕಂಡಾಗ, ಹಾಸು ಹೊದಿಸಿ ಅದರಡಿಗೆ ಕ್ಲೋರಿನ್ ಹಾಯಿಸಿ ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸುವ ಹೊತ್ತಿಗೆ 2006 ಆಗಿತ್ತು. ನಮ್ಮ ಕರಾವಳಿಯಲ್ಲೂ ಮುರ್ಡೇಶ್ವರದಾಚೆ ನೇತ್ರಾಣಿಯ ಸುತ್ತ ಹವಳವಿದೆ, ಮತ್ತು 2001ರಿಂದ ಈ ದೇಶದ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅವನ್ನು ಕಡಲಿನಿಂದ ಕೀಳುವುದು ಅಪರಾಧ. ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ಹೊರದೇಶದ ಜೀವಿಗಳ ತೊಟ್ಟಿ ಇಟ್ಟವರು, ಒಳಗಿರುವ ಸಣ್ಣ ಜೀವಿಗಳೆಲ್ಲ 'ಒಳ್ಳೆಯ' ಪಟ್ಟಿಯವೇ ಎಂದು ಖಾತ್ರಿಯಿದ್ದರೂ, ಬದಲಾಯಿಸಿದ ನೀರನ್ನು ಹೊಳೆಗೋ ಕಡಲಿಗೋ ಚೆಲ್ಲಬಾರದು. ಕೆರೆದು ತೆಗೆದ ಪಾಚಿ, ಬೇಡವಾದ ಕಲ್ಲು, ಶೋಧಕದ ಕೆಸರು ಇವನ್ನೆಲ್ಲ ಸಿಹಿನೀರಿನಲ್ಲಿ ಒಂದೆರಡು ದಿನ ಮುಳುಗಿಸಿಟ್ಟು, ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆಯೇ ಕಸಕ್ಕೆ ಸೇರಿಸಬೇಕು.